ನೀರು ತುಂಬುವ ಹಬ್ಬಕ್ಕೆ ಮೊದಲು ಹೊಗೆಕೊಳವೆ



ನೀರು ತುಂಬುವ ಹಬ್ಬ ಹತ್ತಿರ ಬಂತು. ಹಂಡೆ ಬೆಳಗುವುದು, ಬಚ್ಚಲಿಗೆ ಸುಣ್ಣ ಬಳಿಯುವುದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆಯುವುದು, ಇವನ್ನೆಲ್ಲಾ ಯಾರೂ ಮರೆಯುವುದಿಲ್ಲ. ಒಲೆಯ ಹಿಂದೆ ಗೋಡೆಗೆ ಒರಗಿ ನಿಂತಿರುವ ಹೊಗೆಕೊಳವೆಯ ಹೊಟ್ಟೆಯಲ್ಲಿ ಏನಿದೆ ಅಂತ ನೋಡುವವರು ಮಾತ್ರ ಕಡಿಮೆ. ನಾನೂ ಅಷ್ಟೆ, ವರ್ಷಕ್ಕೊಂದು ಸಲ ಕೈ ಎಟಕುವಷ್ಟು ತಂತಿ ಬ್ರಷ್ ಆಡಿಸಿ, ಆಯಿತಲ್ಲ ಅಂದುಕೊಳ್ಳುತ್ತಿದ್ದೆ.

ಗ್ಯಾಸು ಬಂದ ಮೇಲೆ ಸೌದೆ ಯಾರು ಉರಿಸ್ತಾರೆ ಅನ್ನಬೇಡಿ. ನಮ್ಮ ಶಿವನಸಮುದ್ರದ ನೀರು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು. ಆದರೂ ನಮ್ಮ ಬಚ್ಚಲ ಹಂಡೆ ಇವತ್ತಿಗೂ ಕಾಯುವುದು ತೆಂಗಿನ ಮಟ್ಟೆ, ಹಿಪ್ಪುನೇರಳೆ ಕಡ್ಡಿಯಲ್ಲೇ. ತೋಟದಲ್ಲಿ ಬಿಟ್ಟಿ ಬಿದ್ದಿರುವಾಗ ಗ್ಯಾಸು ಸುಡಲು ಮನಸ್ಸಾದರೂ ಹೇಗೆ ಬಂದೀತು?

ಹೋದ ವರ್ಷ ಬೇಸಿಗೆಯಲ್ಲಿ ಎರಡು ತಿಂಗಳು ಎಲ್ಲರೂ ತಣ್ಣೀರೇ ಮಿಂದೆವು. ಆಷಾಢದ ಮಳೆ ಹಿಡಿದ ಮೇಲೆ ಅತ್ತೆ ಒಂದು ಬೆಳಿಗ್ಗೆ ಒಲೆ ಹಚ್ಚಿದರು. "ಒಗೆ ಒಳಕ್ಕೇ ತಿರುಗ್ತಾ ಅದೆ ಕಣಮ್ಮಿ" ಅಂತ ಕೂಗಿದರು. ಸೌದೆ ಹಸಿಯಿರಬೇಕು ಅಂದೆ. ಸ್ವಲ್ಪ ಹೊತ್ತಿಗೆ ಉರಿ ಇಳಿದು ಕೆಂಡವಾಯಿತು, ಹೊಗೆಯೂ ಅಡಗಿತು. ಚಳಿ ಅಂತ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಕೂತರು. ಬಹಳ ಹೊತ್ತಾದರೂ ಚೊಂಬಿನ ಸದ್ದಿಲ್ಲ. ಬಾಗಿಲು ತಳ್ಳಿ ನೋಡಿದರೆ ಗೋಡೆಗೆ ತಲೆ ಆನಿಸಿ ಕೂತಿದ್ದಾರೆ, ಕರೆದರೆ ಮಾತು ತೊದಲುತ್ತಿದೆ. ಸೀರೆ ಸುತ್ತಿ ಜಗಲಿಗೆ ಎಳೆದುಕೊಂಡು ಬಂದೆವು. ವಾಂತಿಯಾಯಿತು. ಮಳವಳ್ಳಿಯ ಡಾಕ್ಟರು ಕೇಳಿದ ಮೊದಲ ಮಾತು, "ಬಚ್ಚಲಲ್ಲಿ ಒಲೆ ಇದೆಯೇನಮ್ಮ?"

ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಣ್ಣು ಉರಿಸುವ ಹೊಗೆಗಾದರೆ ಎದ್ದು ಓಡುತ್ತೇವೆ, ಇದು ಗೊತ್ತೇ ಆಗುವುದಿಲ್ಲ. ತಲೆನೋವು, ತಲೆಸುತ್ತು, ಓಕರಿಕೆ ಬಂದರೆ ಪಿತ್ತ ಅಂತ ಶುಂಠಿ ಕಷಾಯ ಮಾಡುತ್ತಾ ಕೂರಬೇಡಿ. ಮೊದಲು ಗಾಳಿಗೆ ಕರೆತನ್ನಿ, ಆಮೇಲೆ ಆಸ್ಪತ್ರೆ. ದೇವರು ದೊಡ್ಡವನು, ನಮ್ಮತ್ತೆ ಸಂಜೆಗೆ ಮುದ್ದೆ ಕೇಳಿದರು.

ಕೊಳವೆ ಬಿಚ್ಚಿಸಿದಾಗ ಮೇಲ್ತುದಿಯಲ್ಲಿ ಅಳಿಲಿನ ಗೂಡು, ತೆಂಗಿನ ನಾರು, ಹತ್ತಿ ಸೇರಿ ಒಳ್ಳೆ ಬಿರಡೆ ಜಡಿದ ಹಾಗೆ ಕೂತಿತ್ತು. ಅದರ ಕೆಳಗೆ ಬೆರಳು ದಪ್ಪ ಮಸಿ.

ಗಾರೆ ಕೆಲಸದವರು ಇನ್ನೊಂದು ಮಾತು ಹೇಳಿದರು. ಅದು ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಕೊಳವೆ. ಅತ್ತೆಯ ಕಾಲದಲ್ಲಿ ಅಡಿಗೆಮನೆಯಲ್ಲಿ ಅಸ್ತ್ರ ಒಲೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ಹಳ್ಳಿ ಹೆಂಗಸರಿಗೆಂದೇ ರೂಪಿಸಿದ ಮೂರು ಪಾತ್ರೆಯ ಒಲೆ. ಸೌದೆ ಉಳಿಸಿತು, ಹೊಗೆ ಹೊರಗೆ ಹಾಕಿತು, ಅತ್ತೆ ಇವತ್ತಿಗೂ ಅದನ್ನು ನೆನೆಯುತ್ತಾರೆ. ಗ್ಯಾಸು ಬಂದಾಗ ಒಲೆ ಒಡೆದೆವು, ಕೊಳವೆ ಗಟ್ಟಿಯಾಗಿದೆಯಲ್ಲ ಅಂತ ಬಚ್ಚಲಿಗೆ ಹಾಕಿಸಿದೆವು. ಅದನ್ನೇ ನಾನು ಹತ್ತು ವರ್ಷ ತಂತಿ ಬ್ರಷ್ಷಿನಲ್ಲಿ ಉಜ್ಜಿದ್ದು! ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಸೇರಿದರೆ ರೋಗ ಎಷ್ಟೋ ವರ್ಷದ ಮೇಲೆ ತೋರುತ್ತದಂತೆ. ಡಾಕ್ಟರಿಗೆ ಹೇಳಿದ್ದೇನೆ. ಈಗೇನೂ ಕಾಣುತ್ತಿಲ್ಲ ಅಂದರು, ಆದರೂ ಒಮ್ಮೊಮ್ಮೆ ರಾತ್ರಿ ಕೆಮ್ಮಿದರೆ ನಿದ್ದೆ ಹಾರಿಹೋಗುತ್ತದೆ.

ಆದ್ದರಿಂದ ನಿಮ್ಮದೂ ಬೂದು ಬಣ್ಣದ ಸಿಮೆಂಟಿನಂಥ ಹಳೆ ಕೊಳವೆಯಾದರೆ ಉಜ್ಜಬೇಡಿ, ಕೊರೆಯಬೇಡಿ, ಒಡೆಯಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಆ ಧೂಳು ನಿಲ್ಲುವುದಿಲ್ಲ. ನೀರು ಚಿಮುಕಿಸಿ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಸಿ. ತಿಪ್ಪೆಗೆ ಎಸೆಯದೆ, ಎಲ್ಲಿ ಹಾಕಬೇಕೆಂದು ಪಂಚಾಯಿತಿಯಲ್ಲಿ ಕೇಳಿ. ನಾವು ತಗಡಿನ ಕೊಳವೆ ಹಾಕಿಸಿದೆವು, ಹೆಂಚಿಗಿಂತ ಎರಡಡಿ ಮೇಲಕ್ಕೆ. ಬುಡದಲ್ಲಿ ತೆಗೆದು ಹಾಕುವ ಮುಚ್ಚಳ ಮಾಡಿಸಿಕೊಳ್ಳುವುದನ್ನು ಮರೆಯಬೇಡಿ, ಅದೊಂದಿದ್ದರೆ ಮಾಡು ಹತ್ತುವ ತಾಪತ್ರಯವೇ ಇಲ್ಲ.

ಈಗ ತಗಡಿನ ಕೊಳವೆ ಚೊಕ್ಕಟ ಮಾಡುವ ಬಗೆ. ಹಿಂದಿನ ದಿನವೇ ಒಲೆ ಆರಿಸಿ, ರಾತ್ರಿಯಿಡೀ ತಣ್ಣಗಾಗಲಿ, ಬೂದಿಯನ್ನೂ ಬಳಿದು ತೆಗೆಯಿರಿ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಆಮೇಲೆ ಮಸಿ ಸೀಗೆಪುಡಿಗೆ ಸಲೀಸಾಗಿ ಬಿಡುತ್ತದೆ. ಮೂಗು ಬಾಯಿಗೆ ಬಟ್ಟೆ, ತಲೆಗೆ ಹಳೆ ಟವೆಲು. ಕೊಳವೆಗಿಂತ ಒಂದು ಮೊಳ ಉದ್ದದ ಬಿದಿರಿನ ದಬ್ಬೆ ತನ್ನಿ, ಬಾಗುವಂಥದ್ದು. ತುದಿಗೆ ತೆಂಗಿನ ನಾರನ್ನು ಉಂಡೆಯಾಗಿ ಬಿಗಿದು ಕಟ್ಟಿ. ಉಂಡೆ ಕೊಳವೆಯ ಗೋಡೆಗೆ ತಾಗಬೇಕು, ಸಿಕ್ಕಿಕೊಳ್ಳಬಾರದು. ಗಂಟು ಎರಡು ಸಲ ಜಗ್ಗಿ ನೋಡಿ. ನನ್ನದು ಮೊದಲ ಸಲ ಒಳಗೇ ಕಳಚಿಕೊಂಡು ಅದನ್ನು ತೆಗೆಯುವುದೇ ಒಂದು ದಿನದ ಕೆಲಸವಾಯಿತು. ಒಲೆಯ ಬಾಯಿಗೆ ಒದ್ದೆ ಗೋಣಿತಾಟು ಮುಚ್ಚಿ, ಬುಡದ ಮುಚ್ಚಳದ ಕೆಳಗೆ ಮಂಕರಿ ಇಟ್ಟು, ದಬ್ಬೆಯನ್ನು ನಿಧಾನವಾಗಿ ಮೇಲಕ್ಕೆ ಕೆಳಕ್ಕೆ ಆಡಿಸಿ.

ಬಿದ್ದ ಮಸಿಯನ್ನು ನೋಡಿ. ಒಣಗಿ ಪುಡಿಯಾಗಿದ್ದರೆ ಒಲೆ ಚೆನ್ನಾಗಿ ಉರಿಯುತ್ತಿದೆ ಅಂತ. ಡಾಂಬರಿನ ಹಾಗೆ ಮಿರಮಿರ ಮಿಂಚಿ ಅಂಟಿದ್ದರೆ ನೀವು ಹಸಿ ಮಟ್ಟೆ ಉರಿಸುತ್ತಿದ್ದೀರಿ. ಆ ಜಿಡ್ಡಿಗೆ ಕೊಳವೆಯೊಳಗೇ ಬೆಂಕಿ ಹತ್ತುವುದುಂಟು, ಪಕ್ಕದಲ್ಲೇ ಹುಲ್ಲಿನ ಮೆದೆ ಇರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಹಾಗೇನಾದರೂ ಹತ್ತಿದರೆ ಮೇಲಿಂದ ನೀರು ಹೊಯ್ಯಬೇಡಿ. ಒಲೆಯ ಬಾಯಿ ಮುಚ್ಚಿ ಗಾಳಿ ತಡೆಯಿರಿ, ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕದವರನ್ನು ಕರೆಯಿರಿ.

ಕೊಳವೆಯ ತುದಿಗೆ ಅಳಿಲು ಇಳಿಯದಂತೆ ಜಾಲರಿ ಹಾಕಿಸಿದ್ದೇವೆ. ಆ ಜಾಲರಿಯೂ ಮಸಿ ಕಟ್ಟುತ್ತದೆ, ಅದಕ್ಕೆ ವರ್ಷಕ್ಕೆರಡು ಸಲ ನಮ್ಮನೆಯವರು ಏಣಿ ಹತ್ತುತ್ತಾರೆ, ಕೆಳಗೆ ನಾನು ಹಿಡಿದುಕೊಳ್ಳುತ್ತೇನೆ.

ಎಲ್ಲ ಆದ ಮೇಲೆ ಒಂದು ಹಾಳೆ ಪೇಪರು ಹಚ್ಚಿ ಒಲೆಯೊಳಗೆ ಇಡಿ. ಹೊಗೆ ಸರ್ರನೆ ಮೇಲೆ ಹೋದರೆ ಸರಿ, ಮುಖಕ್ಕೆ ಬಂದರೆ ಇನ್ನೊಮ್ಮೆ ದಬ್ಬೆ ಆಡಿಸಿ. ಬಚ್ಚಲ ಕಿಟಕಿಗೆ ಹೊಡೆದಿದ್ದ ಹಲಗೆಯನ್ನೂ ನಾವು ಕೀಳಿಸಿದೆವು. ಚಳಿ ಬರುತ್ತೆ ಅಂತ ಅತ್ತೆ ದಿನಾ ಗೊಣಗುತ್ತಾರೆ. ಗೊಣಗಲಿ.