ಸಿಹಿಯ ವ್ಯಾಜ್ಯ

ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರಿಗೆಂದು ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಮಂಡಕ್ಕಿ-ಮಿರ್ಚಿ ತಿಂದು ಬಾಯುರಿಯೆಂದು ಕುಣಿಯುತ್ತಿದ್ದ ಮಗನಿಗೆ ತಂದೆ ಸಕ್ಕರೆಯಿಲ್ಲದ ಪಾನೀಯದ ಶೀಸೆ ತಂದರು.

“ಇದರಿಂದ ಹಲ್ಲು ಹುಳುಕಾಗದು, ಮೈಯೂ ಬರದು” ಎಂದರು ಅವರು. “ಈ ರಾಸಾಯನಿಕದ ವಿಷಕ್ಕಿಂತ ಬೆಲ್ಲದ ಪಾನಕವೇ ಲೇಸು” ಎಂದರು ತಾಯಿ. ತೀರ್ಪಿನ ಭಾರ ಕನ್ನಡ ಮೇಷ್ಟರ ತಲೆಗೆ ಬಿತ್ತು!

ನಾನೆಂದೆ: “ಅಮ್ಮಾ, ವಿಷವೆನ್ನಬೇಡಿ. ಸಕ್ಕರೆಗಿಂತ ಮುನ್ನೂರು ಪಟ್ಟು ಸಿಹಿಯಾದ ಸ್ಯಾಕರಿನ್ 1879ರಷ್ಟು ಹಳೆಯದು. ಆಸ್ಪರ್ಟೇಮಿಗೆ ದೇಹತೂಕದ ಕಿಲೋಗ್ರಾಮಿಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಮಿತಿಯನ್ನು ತಜ್ಞರು 2023ರಲ್ಲಿಯೂ ಎತ್ತಿಹಿಡಿದರು. ರಾಯರೇ, ನೀವೂ ಗೆದ್ದೆನೆನ್ನಬೇಡಿ. ಇಂಥ ಸಿಹಿಕಾರಕಗಳಿಂದ ಮೈತೂಕಕ್ಕೆ ಬಹುಕಾಲದ ಪ್ರಯೋಜನವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಹೇಳಿತು. ಎಳವೆಯಿಂದಲೇ ಸಿಹಿಯ ರುಚಿಯನ್ನೇ ತಗ್ಗಿಸಿರೆಂದಿತು. ಹಲ್ಲಿಗೆ ಬೆಲ್ಲವೂ ಸಕ್ಕರೆಯ ತಮ್ಮನೇ!”

ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯುಂಟು. ಇಲ್ಲಿ ಕೂಸು ಬಾಯಾರಿಯೇ ನಿಂತಿತ್ತು. ಅಜ್ಜಿ ಮಾತಿಲ್ಲದೆ ಒಳಗಿನಿಂದ ಉಪ್ಪು, ಜೀರಿಗೆ ಬೆರೆಸಿದ ಮಜ್ಜಿಗೆ ತಂದಿತ್ತರು. ಹುಡುಗ ಮೊದಲು ಮುಖ ಕಿವಿಚಿದ. ಅನಂತರ ಲೋಟವನ್ನು ಬರಿದುಮಾಡಿ ಮತ್ತೆ ಮುಂದೊಡ್ಡಿದ.

ವಾಚಕರೇ, ನಾಲಗೆ ಕಲಿಯುವುದು ಆ ವಯಸ್ಸಿನಲ್ಲಿ. ಯಾವ ಸಿಹಿಯೆಂದು ನಾವು ಕಾದಾಡುತ್ತಿರುವಾಗ, ಸಿಹಿಯೇ ಬೇಕೆಂಬ ಪಾಠವನ್ನು ಅದು ಕಲಿತುಬಿಟ್ಟಿರುತ್ತದೆ.