ಹಾರುವ ಮಕ್ಕಳಿಗೆ ಮೊದಲು ಇಳಿಯುವುದನ್ನು ಕಲಿಸೋಣ

ಕಳೆದ ವರ್ಷ ಮಳೆಗಾಲ ಮುಗಿದ ಹೊಸತರಲ್ಲಿ ಒಂದು ರವಿವಾರ ಮಧ್ಯಾಹ್ನ ತಂಗಿಯ ಫೋನ್ ಬಂತು. "ಅಣ್ಣ, ಮಗ ಬಿದ್ದಿದ್ದಾನೆ, ಬೇಗ ಬಾ" ಎಂದಷ್ಟೇ ಹೇಳಿದಳು. ಲೋಕಲ್ ಹಿಡಿದು ಡೊಂಬಿವಲಿಗೆ ಓಡಿದೆ. ಹತ್ತೊಂಬತ್ತರ ಹರೆಯದ ಸೋದರಳಿಯ ಕಾಲರ್ ಬೋನ್ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಯಾರು ಗುದ್ದಿದರು ಎಂದು ಕೇಳಿದರೆ, "ಯಾರೂ ಅಲ್ಲ ಮಾವ, ಜಂಪ್ ಮಾಡಿದೆ" ಎಂದ. ಕಟ್ಟಡದ ಕೆಲಸಕ್ಕೆ ಸುರಿದಿದ್ದ ಮಣ್ಣಿನ ರಾಶಿ, ದಿನಾ ಕಾಲೇಜಿಗೆ ಹೋಗುವ ಬೈಕು, ಎದುರಿಗೆ ಮೊಬೈಲ್ ಹಿಡಿದು ನಿಂತ ಗೆಳೆಯ. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು.

ಆ ರಾತ್ರಿಯೇ ಬೈಕ್ ಮಾರಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ನಾನೂ ಒಪ್ಪಿದೆ. ಹೇಳಿಕೇಳಿ ಆ ಬೈಕಿನ ಸಾಲಕ್ಕೆ ಜಾಮೀನು ನಿಂತವನು ನಾನೇ. ಆದರೆ ಮರುದಿನ ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದ: "ನನ್ನದು ಮಾರಿದರೆ ಗೆಳೆಯನದ್ದು ಇದೆಯಲ್ಲ ಮಾವ." ಈ ಮಾತು ನನ್ನ ನಿದ್ದೆ ಕೆಡಿಸಿತು. ನಾವು ಬೇಡವೆಂದರೆ ಅವನು ಬಿಡುವುದಿಲ್ಲ, ಬಚ್ಚಿಡುತ್ತಾನೆ ಅಷ್ಟೇ. ಬಚ್ಚಿಟ್ಟು ಹಾರುವವನು ಬಿದ್ದರೆ ಎತ್ತಲು ಯಾರಿರುತ್ತಾರೆ?

ಈ ಆಟದ ಬಗ್ಗೆ ನಮ್ಮಂಥ ಹಿರಿಯರಿಗೆ ತಿಳಿದಿರುವುದು ಕಡಿಮೆ. ಮಣ್ಣಿನ ಹಾದಿಯ ಬೈಕ್ ಓಟ ಪುಂಡರ ಆಟವೆಂಬ ಭಾವನೆ ನನ್ನದೂ ಆಗಿತ್ತು. ವಿಚಾರಿಸಿದಾಗ ನಮ್ಮ ನಾಡಿನ ಹೆಸರುಗಳೇ ಎದುರಾದವು. 2015ರಲ್ಲಿ ಜಗತ್ತಿನ ಅತಿ ಕಠಿಣ ಡಕಾರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ. ಎಸ್. ಸಂತೋಷ್. 2019ರಲ್ಲಿ ಅದೇ ರ್‍ಯಾಲಿಯನ್ನು ಮುಗಿಸಿ 37ನೇ ಸ್ಥಾನ ಪಡೆದವರು ನಮ್ಮ ಉಡುಪಿಯ ಕೆ. ಪಿ. ಅರವಿಂದ್. ಅದೇ ವರ್ಷ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದವರು ಬೆಂಗಳೂರಿನ ಐಶ್ವರ್ಯಾ ಪಿಸ್ಸೆ. ಇಷ್ಟೆಲ್ಲ ಪಳಗಿದ ಸಂತೋಷ್ ಅವರೇ 2021ರ ಡಕಾರ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಕೆಲವು ದಿನ ಪ್ರಜ್ಞೆ ಬಾರದಂತೆ ಔಷಧದಲ್ಲಿ ಇಡಬೇಕಾಯಿತು. ಆಟ ದೊಡ್ಡದು, ಅಪಾಯವೂ ದೊಡ್ಡದು. ಎರಡನ್ನೂ ಮಕ್ಕಳಿಗೆ ಒಟ್ಟಿಗೇ ಹೇಳಬೇಕು.

ಮೂಳೆ ಕೂಡಿ, ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಅಳಿಯನನ್ನು ಪುಣೆ ಸಮೀಪದ ಒಂದು ತರಬೇತಿ ಟ್ರ್ಯಾಕಿಗೆ ನಾನೇ ಕರೆದೊಯ್ದೆ. ಇವನು ಮೊದಲ ದಿನವೇ ಹಾರುವ ಹುರುಪಿನಲ್ಲಿದ್ದ. ತರಬೇತುದಾರರು ಬೈಕನ್ನು ಮುಟ್ಟಲೂ ಬಿಡದೆ ಇಡೀ ಟ್ರ್ಯಾಕನ್ನು ನಡೆಸಿದರು. ಪ್ರತಿ ದಿಬ್ಬದ ಆಚೆ ಏನಿದೆ ಎಂದು ಕಣ್ಣಾರೆ ನೋಡಿಕೊಳ್ಳಬೇಕು, ಕಾಣದ ಕಡೆಗೆ ಹಾರಲೇಬಾರದು ಎಂಬುದು ಮೊದಲ ಪಾಠ. ಆಮೇಲೆ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮೊಣಕಾಲು ಮೊಣಕೈ ಸಡಿಲವಾಗಿ ಮಡಚಿ, ದೃಷ್ಟಿಯನ್ನು ಮುಂದಿನ ಚಕ್ರದ ಮೇಲಲ್ಲ, ದೂರಕ್ಕೆ ಇಟ್ಟು ಓಡಿಸುವ ಅಭ್ಯಾಸ. ಮಧ್ಯಾಹ್ನದವರೆಗೂ ಚಕ್ರ ನೆಲ ಬಿಡಲಿಲ್ಲ.

ನಂತರ ತೋರಿಸಿದ್ದು ನೆತ್ತಿ ಚಪ್ಪಟೆಯಾದ ದಿಬ್ಬ. ಅದಕ್ಕೆ ಟೇಬಲ್‌ಟಾಪ್ ಎನ್ನುತ್ತಾರೆ. ಹಾರಿಕೆ ಕಡಿಮೆಯಾದರೂ ಬೀಳುವುದು ಸಮತಟ್ಟಾದ ಮಣ್ಣಿನ ಮೇಲೆಯೇ. ಎರಡು ದಿಬ್ಬಗಳ ನಡುವೆ ಹೊಂಡವಿರುವ 'ಡಬಲ್' ಹಾಗಲ್ಲ. ಅಲ್ಲಿ ಒಂದು ಮೊಳ ಕಡಿಮೆಯಾದರೂ ಚಕ್ರ ಎದುರು ದಿಬ್ಬಕ್ಕೆ ಬಡಿಯುತ್ತದೆ. ಆದ್ದರಿಂದ ಕಲಿಯುವವನಿಗೆ ಡಬಲ್ ಕಡೆ ತಲೆ ಹಾಕಲೂ ಅನುಮತಿಯಿಲ್ಲ. ಮೊದಲು ಟೇಬಲ್‌ಟಾಪನ್ನು ನಿಧಾನಕ್ಕೆ ಹತ್ತಿ ಇಳಿಯುವುದು, ಆಮೇಲೆ ಗೇಣು ಎತ್ತರ, ಅದು ಹತ್ತಾರು ಸಲ ಸರಿಯಾದ ಮೇಲೆ ಇನ್ನಷ್ಟು.

ಅಳಿಯ ಅಂದು ಏಕೆ ಬಿದ್ದ ಎಂಬುದು ನನಗೂ ಅಲ್ಲೇ ತಿಳಿಯಿತು. ದಿಬ್ಬದ ತುದಿಗೆ ಬಂದಾಗ ಹೆದರಿ ಆಕ್ಸಿಲರೇಟರ್ ಬಿಟ್ಟಿದ್ದ. ಹಾಗೆ ಬಿಟ್ಟರೆ ಬೈಕಿನ ಮೂತಿ ಕೆಳಕ್ಕೆ ಬಾಗುತ್ತದೆ. ಒಮ್ಮೆಲೇ ತಿರುವಿದರೆ ಮೂತಿ ಆಕಾಶಕ್ಕೆ ಏಳುತ್ತದೆ. ತುದಿ ದಾಟುವವರೆಗೂ ಕೈ ಒಂದೇ ಸಮ ಇರಬೇಕು. ಇಳಿಯುವಾಗ ದಿಬ್ಬದ ಆಚೆಯ ಇಳಿಜಾರಿಗೇ ಇಳಿಯಬೇಕು, ಪೆಟ್ಟನ್ನು ಕಾಲುಗಳು ನುಂಗಬೇಕು. ಹಾರುವುದು ಕ್ಷಣದ ಮಾತು, ಕಲಿಯಬೇಕಾದ್ದೆಲ್ಲ ಅದರ ಹಿಂದೆ ಮುಂದೆ ಇದೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ಜರ್ನಲ್ ಎಂಟ್ರಿ ಸರಿಯಾಗುವ ತನಕ ನಮ್ಮ ಮೇಷ್ಟ್ರು ಬ್ಯಾಲೆನ್ಸ್ ಶೀಟ್ ಮುಟ್ಟಗೊಡುತ್ತಿರಲಿಲ್ಲ. ಅದು ನೆನಪಾಯಿತು.

ಹೆತ್ತವರಿಗೆ ಗುಮಾಸ್ತನ ಕೆಲವು ಲೆಕ್ಕಗಳು. ರಸ್ತೆಯ ಸಾಮಾನ್ಯ ಬೈಕಿನ ಸಸ್ಪೆನ್ಶನ್ ಕುಗ್ಗುವುದು ನಾಲ್ಕೈದು ಇಂಚು, ಮೋಟೋಕ್ರಾಸ್ ಬೈಕಿನದು ಸುಮಾರು 12 ಇಂಚು. ಕಾಲೇಜಿನ ಬೈಕ್ ಹಾರುವುದಕ್ಕಲ್ಲ. ದುಡ್ಡಿದ್ದರೆ ಮೊದಲು ಹೆಲ್ಮೆಟ್, ಗಾಗಲ್ಸ್, ಎದೆ-ಬೆನ್ನಿನ ಕವಚ, ಮೊಣಕಾಲಿನ ಗಾರ್ಡ್, ಮೀನಖಂಡ ಮುಚ್ಚುವ ಬೂಟು ಕೊಡಿಸಿ, ಬೈಕಿನ ಮಾತು ಆಮೇಲೆ. ರೇಸ್, ವೇಗ ಪರೀಕ್ಷೆಗಳಿಗೆ ಬಳಸಿದರೆ ವಾಹನ ವಿಮೆ ಅನ್ವಯಿಸದು ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಆಸ್ಪತ್ರೆ ಖರ್ಚಿನ ಪಾಲಿಸಿಯಲ್ಲಿ ಸಾಹಸ ಕ್ರೀಡೆಯ ಬಗ್ಗೆ ಏನಿದೆ ಎಂದು ಓದಿಕೊಳ್ಳಿ. ಹದಿನೆಂಟು ತುಂಬದ ಮಗನ ಕೈಗೆ ಗೇರಿನ ಬೈಕ್ ಕೊಟ್ಟು ರಸ್ತೆಗೆ ಬಿಟ್ಟು, ಅವನಿಂದ ಅಪರಾಧ ನಡೆದರೆ, 2019ರ ಕಾನೂನು ತಿದ್ದುಪಡಿಯ ಪ್ರಕಾರ ಪಾಲಕರಿಗೆ 25 ಸಾವಿರ ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ಈಗ ನಮ್ಮ ಸಂಘ-ಸಂಸ್ಥೆಗಳ ಮಾತು. ಪ್ರತಿ ವರ್ಷ ಪ್ರತಿಭಾ ಪುರಸ್ಕಾರ ಮಾಡುತ್ತೇವೆ. ತೊಂಬತ್ತು ಅಂಕ ಪಡೆದವರಿಗೆ ಶಾಲು, ಸ್ಮರಣಿಕೆ, ಫಲಪುಷ್ಪ. ಮಾಡಲೇಬೇಕು. ಆದರೆ ಐವತ್ತೈದು ಅಂಕ ಪಡೆದು ಬೈಕಿನ ಮೇಲೆ ಜೀವವಿಟ್ಟ ಹುಡುಗ ನಮ್ಮ ಸಭಾಂಗಣದ ಕಡೆ ಸುಳಿಯುವುದೇ ಇಲ್ಲ. ಅವನು ರಾತ್ರಿ ಹೊತ್ತು ಖಾಲಿ ರಸ್ತೆ ಹುಡುಕುತ್ತಾನೆ. ಯುವ ವಿಭಾಗಗಳು ವರ್ಷಕ್ಕೊಮ್ಮೆಯಾದರೂ ಅಂಥವರನ್ನು ಕಲೆಹಾಕಿ, ನುರಿತ ತರಬೇತುದಾರರಿರುವ ಟ್ರ್ಯಾಕಿಗೆ ಒಂದು ಬಸ್ಸಿನಲ್ಲಿ ಕರೆದೊಯ್ಯಬಾರದೇ? ಒಂದು ಸನ್ಮಾನದ ಖರ್ಚಿನಲ್ಲಿ ನಾಲ್ಕು ಒಳ್ಳೆಯ ಹೆಲ್ಮೆಟ್ ಬರುತ್ತದೆ. ಹಾರಿಸಿ ಮೆರೆಸಲು ಅಲ್ಲ, ಬೀಳದಂತೆ ಕಾಯಲು ಇದು ಬೇಕು. ಇದು ಹುಚ್ಚಿಗೆ ಬೆಂಬಲ ಎಂದು ಕೆಲವರು ಹೇಳಬಹುದು. ಆಸ್ಪತ್ರೆಯ ಬೆಂಚಿನ ಮೇಲೆ ಒಂದು ರಾತ್ರಿ ಕಳೆದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ.

ಅಳಿಯ ಈಗ ತಿಂಗಳಿಗೊಂದು ರವಿವಾರ ಪುಣೆಗೆ ಹೋಗುತ್ತಾನೆ. ಡಬಲ್ ಇನ್ನೂ ದೂರವಿದೆ. ಹೋಗುವ ಮುನ್ನ ಅಮ್ಮನಿಗೆ ಹೇಳಿ ಹೋಗುತ್ತಾನೆ, ಬಂದ ಮೇಲೆ ಎಲ್ಲಿ ತಪ್ಪಿದೆ ಎಂದು ನನಗೆ ಫೋನ್ ಮಾಡುತ್ತಾನೆ. ತಂಗಿಯ ಆತಂಕ ಪೂರ್ತಿ ಹೋಗಿಲ್ಲ, ನನ್ನದೂ ಇಲ್ಲ. ಆದರೆ ಈಗ ಅವನು ಎಲ್ಲಿದ್ದಾನೆ, ಯಾರ ಕಣ್ಣೆದುರು ಹಾರುತ್ತಿದ್ದಾನೆ ಎಂಬುದು ನಮಗೆ ಗೊತ್ತಿದೆ. ಇಷ್ಟಾದರೂ ಪ್ರತಿ ಮನೆಗೂ ಗೊತ್ತಿರಲಿ. ಸಂಘಗಳ ಪದಾಧಿಕಾರಿಗಳು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಒಮ್ಮೆ ಚರ್ಚಿಸಲಿ ಎಂಬುದೇ ನನ್ನ ವಿನಂತಿ.