ಒಂದು ಪಹಣಿ, ಹಲವು ಕೈ

ಮಾಲೂರಿನಲ್ಲೋ ಮುಳಬಾಗಿಲಿನಲ್ಲೋ ಒಬ್ಬ ರೈತನ ಪಹಣಿಯನ್ನು ಎಷ್ಟು ತಂತ್ರಾಂಶಗಳು ಮುಟ್ಟುತ್ತವೆ ಎಂದು ಲೆಕ್ಕ ಹಾಕಿ. ಪಹಣಿ ಇರುವುದು ಕಂದಾಯ ಇಲಾಖೆಯ ‘ಭೂಮಿ’ಯಲ್ಲಿ. ಕ್ರಯಪತ್ರ ನೋಂದಣಿಯಾಗುವುದು ಸಬ್‌ರಿಜಿಸ್ಟ್ರಾರ್ ಕಚೇರಿಯ ‘ಕಾವೇರಿ’ಯಲ್ಲಿ. ಅಳತೆಗೆ, ಜಮೀನಿನ ಒಂದು ಭಾಗ ಮಾರುವಾಗ ಬೇಕಾಗುವ 11ಇ ನಕ್ಷೆಗೆ ‘ಮೋಜಿಣಿ’. ಸಾಲ ದಾಖಲಾಗಬೇಕೆಂದರೆ ಬ್ಯಾಂಕಿನದೂ ಒಂದು ಕೈ. ಎಲ್ಲವೂ ಬಂದು ನಿಲ್ಲುವುದು ಒಂದೇ ಸರ್ವೆ ನಂಬರಿನ ಮುಂದೆ. ಈಗ ಕಡತವನ್ನು ತಾವೇ ಓದಿ ತಾವೇ ತಿದ್ದಬಲ್ಲ ಎಐ ಏಜೆಂಟ್‌ಗಳೂ ಕಚೇರಿ ಕೆಲಸಕ್ಕೆ ಇಳಿಯುತ್ತಿವೆ. ಅವು ಎಷ್ಟು ಜಾಣ ಎಂಬ ಚರ್ಚೆ ಜೋರಾಗಿದೆ. ಬರೆಯುವ ಸರದಿ ಯಾರದು ಎಂಬುದನ್ನು ಕೇಳುವವರು ಕಡಿಮೆ.

ತೊಂದರೆ ಹೇಗೆ ಹುಟ್ಟುತ್ತದೆ ನೋಡೋಣ. ಮಾಲೂರಿನ ಒಂದು ಸರ್ವೆ ನಂಬರಿನಲ್ಲಿ 3 ಎಕರೆ 20 ಗುಂಟೆ ಇದೆ ಎಂದಿಟ್ಟುಕೊಳ್ಳಿ. ಮಾಲೀಕ 1 ಎಕರೆ ಮಾರುತ್ತಾನೆ. ಅದೇ ಹೊತ್ತಿಗೆ ಚೆನ್ನೈ ಎಕ್ಸ್‌ಪ್ರೆಸ್‌ವೇಗೆಂದು 10 ಗುಂಟೆ ಸ್ವಾಧೀನವಾಗುತ್ತದೆ. ಎರಡು ಪ್ರೋಗ್ರಾಂಗಳೂ ಒಟ್ಟಿಗೆ ಪಹಣಿ ತೆರೆದು 3 ಎಕರೆ 20 ಗುಂಟೆ ಎಂದೇ ಓದುತ್ತವೆ. ಮೊದಲನೆಯದು ಎಕರೆ ಕಳೆದು 2 ಎಕರೆ 20 ಗುಂಟೆ ಎಂದು ಬರೆಯುತ್ತದೆ. ಎರಡನೆಯದು ಹಳೆಯ ಅಂಕಿಯಿಂದಲೇ 10 ಗುಂಟೆ ಕಳೆದು 3 ಎಕರೆ 10 ಗುಂಟೆ ಎಂದು ಅದರ ಮೇಲೆಯೇ ಬರೆದುಬಿಡುತ್ತದೆ. ಉಳಿಯಬೇಕಾದದ್ದು 2 ಎಕರೆ 10 ಗುಂಟೆ. ಮಾರಿದ ಎಕರೆ ಮಾತ್ರ ಲೆಕ್ಕದಲ್ಲಿ ಮಾಯ! ಎರಡೂ ಪ್ರೋಗ್ರಾಂಗಳ ಗಣಿತ ಸರಿಯಾಗಿಯೇ ಇತ್ತು.

ಇದಕ್ಕೆ ಮೊದಲ ಮದ್ದು ಬೀಗ. ಒಬ್ಬರು ತಿದ್ದುವಾಗ ಇನ್ನೊಬ್ಬರು ಕಾಯಬೇಕು. ಹಾಗೆ ಸರದಿ ಕಾಯಿಸುವುದು ಹೇಗೆಂದು ಡಚ್ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲೇ ತೋರಿಸಿದ್ದರು. ಆದರೆ ಬೀಗ ಹಾಕಿದವನೇ ಕರೆಂಟ್ ಹೋಗಿ ನಿಂತುಬಿಟ್ಟರೆ ಕಡತ ಶಾಶ್ವತವಾಗಿ ಬಂದ್. ಹಾಗಾಗಿ ಬೀಗಕ್ಕೆ ಅವಧಿ ಇರಬೇಕು, ಅವಧಿ ಮುಗಿದ ಮೇಲೆ ತಡವಾಗಿ ಬಂದ ಬರಹವನ್ನು ತಿರಸ್ಕರಿಸಬೇಕು. ಎರಡು ಸರ್ವೆ ನಂಬರ್‌ಗಳ ಅದಲುಬದಲಿನಲ್ಲಿ ಇನ್ನೊಂದು ಪೇಚು. ಒಂದು ಪ್ರೋಗ್ರಾಂ 41ನ್ನು ಹಿಡಿದು 42ಕ್ಕೆ ಕಾಯುತ್ತದೆ. ಮತ್ತೊಂದು 42ನ್ನು ಹಿಡಿದು 41ಕ್ಕೆ. ಇಬ್ಬರೂ ಅಲ್ಲಾಡುವುದಿಲ್ಲ. ಯಾವಾಗಲೂ ಚಿಕ್ಕ ನಂಬರನ್ನೇ ಮೊದಲು ಹಿಡಿಯಬೇಕು ಎಂಬ ಒಂದು ಕಟ್ಟಳೆ ಸಾಕು, ಈ ಗಂಟು ಬೀಳುವುದೇ ಇಲ್ಲ.

ಎರಡನೆಯ ಮದ್ದು ಆವೃತ್ತಿ ಸಂಖ್ಯೆ. ಬೀಗವಿಲ್ಲದೆ ಎಲ್ಲರೂ ಓದಲಿ; ಬರೆಯಲು ಬಂದಾಗ ‘ನೀನು ಓದಿದ್ದು 7ನೇ ಆವೃತ್ತಿ, ಈಗಿರುವುದು 8, ಮತ್ತೆ ಓದಿ ಬಾ’ ಎಂದು ವಾಪಸು ಕಳಿಸಿದರಾಯಿತು. ಜಗಳ ಅಪರೂಪವಾಗಿರುವ ಕಡೆ ಇದು ಅಗ್ಗ, ವೇಗ. ಮೂರನೆಯದು, 2005ರಲ್ಲಿ ಬಂದ ‘ಗಿಟ್’ ಎಂಬ ಆವೃತ್ತಿ ನಿರ್ವಹಣಾ ತಂತ್ರಾಂಶ ಬಳಸುವವರಿಗೆ ಗೊತ್ತಿರುವ ದಾರಿ. ಪ್ರತಿ ಏಜೆಂಟ್‌ಗೂ ಪ್ರತ್ಯೇಕ ಪ್ರತಿ ಕೊಟ್ಟು, ತಿದ್ದುಪಡಿಗಳನ್ನು ಕೊನೆಗೆ ಕೂಡಿಸುವುದು.

ಕೂಡಿಸುವಲ್ಲೇ ಸೂಕ್ಷ್ಮ ಅಪಾಯವಿದೆ. ಪಹಣಿಯಲ್ಲಿ ಮಾಲೀಕರ ಹೆಸರು ಬರುವುದು 9ನೇ ಕಾಲಂನಲ್ಲಿ, ಸಾಲ ಮತ್ತು ಇತರ ಹಕ್ಕುಗಳು 11ನೇ ಕಾಲಂನಲ್ಲಿ. ಒಂದು ಏಜೆಂಟ್ 9ರಲ್ಲಿ ಖರೀದಿದಾರನ ಹೆಸರು ಸೇರಿಸುತ್ತದೆ, ಮತ್ತೊಂದು 11ರಲ್ಲಿ ಹಳೆಯ ಮಾಲೀಕನ ಸಾಲ ಏರಿಸುತ್ತದೆ. ಕಾಲಂ ಬೇರೆಬೇರೆ, ಆದ್ದರಿಂದ ಯಂತ್ರದ ಕಣ್ಣಿಗೆ ಘರ್ಷಣೆಯೇ ಇಲ್ಲ. ಆದರೆ ಜಮೀನು ಕೊಂಡವನ ತಲೆಯ ಮೇಲೆ ತಾನು ಮಾಡದ ಸಾಲ ಕೂತಿರುತ್ತದೆ. ಎಷ್ಟು ಭಾಗಕ್ಕೆ ಬೀಗ ಹಾಕಬೇಕು ಎಂಬುದನ್ನು ಕಡತದ ಸಾಲುಗಳನ್ನು ನೋಡಿ ಹೇಳಲಾಗದು, ವ್ಯವಹಾರ ಬಲ್ಲವರೇ ಹೇಳಬೇಕು.

‘ಭೂಮಿ’ಯನ್ನು ರೂಪಿಸಿದವರಿಗೆ ಇದು ಗೊತ್ತಿತ್ತು. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಾಗ ಕೈಬರಹದ ಪಹಣಿಗೆ ಮಾನ್ಯತೆ ತೆಗೆದರು. ಎರಡು ಕಡೆ ಮೂಲ ದಾಖಲೆ ಇರಬಾರದು ಎಂಬುದು ಅದರ ತಾತ್ಪರ್ಯ. ಪಹಣಿಯ ಪ್ರತಿಯನ್ನು ಯಾರು ಬೇಕಾದರೂ ಪಡೆಯಬಹುದು. ತಿದ್ದಲು ಮಾತ್ರ ಮ್ಯುಟೇಶನ್ (ಹಕ್ಕು ಬದಲಾವಣೆ) ಎಂಬ ಒಂದೇ ಬಾಗಿಲು, ಅದಕ್ಕೂ ಮೊದಲು ಬಂದ ಅರ್ಜಿಗೆ ಮೊದಲ ಸರದಿ. ತಿದ್ದಿದ ಸಿಬ್ಬಂದಿಯ ಬೆರಳಚ್ಚಿನ ಗುರುತೂ ವ್ಯವಸ್ಥೆಯಲ್ಲಿತ್ತು. ಕ್ರಯಪತ್ರ ನೋಂದಣಿಯಾದರೂ ‘ಕಾವೇರಿ’ ತಾನೇ ಪಹಣಿ ತಿದ್ದುವುದಿಲ್ಲ. ನೋಂದಣಿಯ ವಿವರವಿರುವ ಜೆ-ಸ್ಲಿಪ್ ಅನ್ನು ‘ಭೂಮಿ’ಗೆ ಕಳಿಸುತ್ತದೆ, ಮ್ಯುಟೇಶನ್ ಅಲ್ಲಿಂದ ಶುರು. ನೋಟಿಸು, ತಕರಾರಿಗೆ ಕಾಲಾವಕಾಶ ಮುಗಿದ ಮೇಲೆ ಖಾತೆ ಬದಲು. ಶ್ರೀನಿವಾಸಪುರದ ನಾಡಕಚೇರಿಯೆದುರು ಕಾಯುವವರಿಗೆ ಈ ವಿಳಂಬ ಸಿಟ್ಟು ತರಿಸುತ್ತದೆ, ಅದರಲ್ಲಿ ಒಂದಷ್ಟು ಬರೀ ಸೋಮಾರಿತನವೂ ಹೌದು. ಆದರೆ ತಕರಾರಿನ ಅವಧಿ ಮಾತ್ರ ಸೋಮಾರಿತನವಲ್ಲ. 9 ಮತ್ತು 11ನೇ ಕಾಲಂಗಳ ನಡುವಿನ ಜಗಳವನ್ನು ಮನುಷ್ಯರು ಗುರುತಿಸಲು ಸಿಗುವ ಸಮಯ ಅದು.

ಆದ್ದರಿಂದ ಏಜೆಂಟ್‌ಗಳನ್ನು ಕೆಲಸಕ್ಕೆ ಹಚ್ಚುವ ಸಂಸ್ಥೆ, ಸರ್ಕಾರಿಯೇ ಆಗಲಿ ಖಾಸಗಿಯೇ ಆಗಲಿ, ಈ ನಾಲ್ಕಕ್ಕೆ ಮೊದಲು ಉತ್ತರ ಕೊಡಬೇಕು. ಮೂಲ ಪ್ರತಿ ಯಾವುದು? ಬರೆಯುವ ಬಾಗಿಲು ಎಲ್ಲಿ? ಹಳೆಯ ಪ್ರತಿ ಓದಿ ಬಂದವನನ್ನು ತಡೆಯುವವರು ಯಾರು? ತಪ್ಪಾದರೆ ಯಾರು, ಯಾವಾಗ, ಏನು ತಿದ್ದಿದರು ಎಂದು ತೋರಿಸುವ ದಿನಚರಿ ಇದೆಯೇ? ಉತ್ತರವಿಲ್ಲದಿದ್ದರೆ ಏಜೆಂಟ್‌ಗಳಿಗೆ ಓದುವ ಅನುಮತಿ ಮಾತ್ರ ಕೊಡಲಿ, ಬರೆಯುವುದು ಬೇಡ.